ಹೇಳದೆ ಎದ್ದು ಬಂದ ಮನೆ

ಶಿಕಾರಿಪುರ

ಮಕ್ಕಳೇ, ಆಫ್ರಿಕಾದ ಕಥೆ ಹೇಳು ಎಂದು ನೀವು ಕೇಳಿದಾಗಲೆಲ್ಲ ನಾನು ಅಜ್ಜನ ಕಡೆ ಕೈ ತೋರಿಸುತ್ತಿದ್ದೆ. ಅವರ ಕಥೆಯಲ್ಲಿ ತಪ್ಪದೆ ಒಂದು ಸಿಂಹ ಬರುತ್ತಿತ್ತು. ಪ್ರತಿ ಸಲ ಹೇಳುವಾಗಲೂ ಅದು ಸ್ವಲ್ಪ ದೊಡ್ಡದಾಗುತ್ತಿತ್ತು. ನಾವಿದ್ದ ಊರಿನಲ್ಲಿ ಸಿಂಹ ಇರಲಿಲ್ಲ. ಮೇಕೆಗಳಿದ್ದವು, ಕೋಳಿಗಳಿದ್ದವು, ಒಂದೆರಡು ಬಡಕಲು ನಾಯಿಗಳಿದ್ದವು. ಈಗ ಅಜ್ಜ ಇಲ್ಲ. ಕಥೆ ನನ್ನ ಪಾಲಿಗೆ ಬಂದಿದೆ. ಎದುರು ಕೂತು ಹೇಳು ಎಂದರೆ ನನಗೆ ಈಗಲೂ ನಾಲಿಗೆ ಏಳುವುದಿಲ್ಲ. ಹಳ್ಳಿ ಶಾಲೆಯಲ್ಲಿ ಕಲಿತ ಕನ್ನಡವಿದೆ, ಅದರಲ್ಲಿ ಬರೆಯುತ್ತೇನೆ. ಸಿಂಹವನ್ನು ಬಿಟ್ಟು ಬರೆಯುತ್ತೇನೆ.

ಅಜ್ಜ ಶಿಕಾರಿಪುರದಲ್ಲಿ ಮೇಷ್ಟ್ರಾಗಿದ್ದವರು, ಭಾನುವಾರ ನಮ್ಮ ಪುಟ್ಟ ಕ್ರೈಸ್ತ ಸಭೆಯಲ್ಲಿ ಬೈಬಲಿನ ಪ್ರಸಂಗ ಮಾಡುತ್ತಿದ್ದವರು ಎಂಬುದು ನಿಮಗೆ ಗೊತ್ತು. ನಿವೃತ್ತಿಯಾದ ಮೇಲೆ ಸೊರಬದ ಕಡೆಯ ಹಳ್ಳಿಗಳಲ್ಲಿ ಸಭೆಯ ಕೆಲಸ ನೋಡಿಕೊಂಡಿದ್ದೆವು. ಆಗ ಸಭೆಯ ಹಿರಿಯರು ಒಂದು ದಿನ ಕರೆದು, ಆಫ್ರಿಕಾದ ಮಲಾವಿ ಎಂಬ ದೇಶದ ಹಳ್ಳಿಯೊಂದರಲ್ಲಿ ಶಾಲೆ ನಡೆಸಲು ಅನುಭವ ಇರುವ ಮೇಷ್ಟ್ರು ಬೇಕಂತೆ, ಹೋಗುತ್ತೀರಾ ಎಂದು ಕೇಳಿದರು. ಹೆಂಡತಿಯೂ ಜೊತೆಗೆ ಹೋಗಿ ಅಲ್ಲಿಯ ಹೆಂಗಸರ ಸಂಘ ನೋಡಿಕೊಳ್ಳಬೇಕು. ಅಜ್ಜ ನನ್ನ ಮುಖವನ್ನೂ ನೋಡದೆ ಹೂಂ ಎಂದುಬಿಟ್ಟರು. ನೋಡಿದ್ದರೆ ಹೂಂ ಎನ್ನುತ್ತಿರಲಿಲ್ಲ.

ಮುಂದಿನ ಭಾನುವಾರ ನಮ್ಮಿಬ್ಬರನ್ನೂ ಮುಂದೆ ನಿಲ್ಲಿಸಿ, "ಇವರು ನಮ್ಮ ಮಿಷನರಿಗಳು" ಎಂದರು. ಆ ಮಾತು ನನಗೆ ಬೇರೆಯವರ ಸೀರೆ ಉಟ್ಟ ಹಾಗೆ ಅನ್ನಿಸಿತು. ಮಿಷನರಿ ಎಂದರೆ ಹಳೆಯ ಫೋಟೊಗಳಲ್ಲಿ ಟೋಪಿ ಹಾಕಿಕೊಂಡು ನಿಂತ ಬಿಳಿಯರು. ಅವರು ನಮ್ಮ ಕಡೆಗೆ ಬರುವವರು. ನಮ್ಮ ಕಡೆಯಿಂದ ಯಾರಾದರೂ ಹೋಗುವುದುಂಟೇ? ಆದರೂ ಮನೆಗೆ ನಡೆದು ಬರುವಾಗ ನನ್ನ ಬೆನ್ನು ತಾನಾಗಿಯೇ ಸ್ವಲ್ಪ ನೆಟ್ಟಗಾಗಿತ್ತು.

ಪಕ್ಕದ ಮನೆಯ ಗಿರಿಜಮ್ಮ ಕಾಂಪೌಂಡಿನ ಆಚೆಯಿಂದಲೇ ಕೇಳಿದರು.

"ಅಲ್ರೀ, ಶಿವಮೊಗ್ಗದ ಬಸ್ಸಲ್ಲೇ ವಾಂತಿ ಮಾಡ್ಕಂತೀರಿ. ಆಫ್ರಿಕಾಕ್ಕೆ ಹೆಂಗ್ ಹೋಗ್ತೀರಿ?"

"ಆಕಾಶದಾಗೆ ತಿರುವು ಇರಲ್ಲ ಗಿರಿಜಮ್ಮ" ಎಂದರು ಅಜ್ಜ.

"ನೀವು ಬಿಡ್ರಿ, ಮಾತಾಡಿ ಬದುಕ್ತೀರಿ. ಈಕೆ ನಮ್ಮ ಜೊತೆಗೇ ಬಾಯಿ ಬಿಡಲ್ಲ. ಅಲ್ಲಿ ಹೋಗಿ ಹೆಂಗಸ್ರ ಸಂಘ ನಡೆಸ್ತಾಳಾ?"

ನಾನೂ ರಾತ್ರಿಯೆಲ್ಲ ಅದನ್ನೇ ಯೋಚಿಸಿದ್ದೆ.

ಆನವಟ್ಟಿ

ಹೊರಡುವ ಮುಂಚೆ ತವರಿಗೆ ಹೋಗಿ ಬಂದೆ. ತಮ್ಮನ ಹೆಂಡತಿ ಕಮಲ ಅಪ್ಪೆಮಿಡಿ ಉಪ್ಪಿನಕಾಯಿಯ ಭರಣಿ ತಂದು ಮುಂದಿಟ್ಟಳು.

"ಅಕ್ಕಾ, ಅಲ್ಲಿ ಎಂತ ತಿಂತಾರಂತೆ?"

"ಗೋವಿನಜೋಳದ ಹಿಟ್ಟಂತೆ. ಮೂರು ಹೊತ್ತೂ ಅದೇ."

"ಕೋಳಿ ಫಾರಮ್ಮಿಗೆ ಲಾರಿಯಾಗೆ ಹೋಗ್ತದಲ್ಲ, ಅದಾ? ಅಯ್ಯೋ, ಇನ್ನೊಂದು ಡಬ್ಬಿ ಉಪ್ಪಿನಕಾಯಿ ತಗಂಡ್ ಹೋಗು!"

ತಗೊಂಡೆ. ವಿಮಾನದಲ್ಲಿ ಅದು ಸೋರಿತು. ನನ್ನ ಬಟ್ಟೆಗೆ ಏನೂ ಆಗಲಿಲ್ಲ. ಅಜ್ಜ ಇಂಗ್ಲಿಷಿನಲ್ಲಿ ಬರೆದು ಇಟ್ಟುಕೊಂಡಿದ್ದ ಪ್ರಸಂಗಗಳೆಲ್ಲ ಕೆಂಪು ಎಣ್ಣೆಯಲ್ಲಿ ನೆನೆದವು. ಲಿಲೊಂಗ್ವೆ ಎಂಬ ಅವರ ರಾಜಧಾನಿಯ ವಿಮಾನ ನಿಲ್ದಾಣದಲ್ಲಿ ಪೆಟ್ಟಿಗೆ ತೆರೆಸಿದ ಅಧಿಕಾರಿ ಒಂದು ಹಾಳೆಯನ್ನು ಬೆರಳ ತುದಿಯಲ್ಲಿ ಎತ್ತಿ, ಮೂಸಿ, ಇದೇನು ಎಂದು ಕೇಳಿದ. "ದೇವರ ವಾಕ್ಯ" ಎಂದರು ಅಜ್ಜ. ಅವನು ಕಣ್ಣು ಒರೆಸಿಕೊಂಡು, ಬಹಳ ಖಾರವಾಗಿದೆ ಎಂದನಂತೆ. ಅಜ್ಜ ಆ ದೇಶದಲ್ಲಿ ಮಾಡಿದ ಮೊದಲ ಪ್ರಸಂಗವನ್ನು ಮೂಗು ಅರಳಿಸಿಕೊಂಡು ಕೇಳಿದವರೇ ಹೆಚ್ಚು.

ಲಿಲೊಂಗ್ವೆ

ಅಲ್ಲಿಯ ಸಭೆಯ ಕಾರ್ಯದರ್ಶಿ ಮೆತ್ತಗೆ ಮಾತಾಡುವ ಮನುಷ್ಯ. ಚಹಾ ಕೊಡಿಸಿ, ಒಂದು ಮಾತು ಮೊದಲೇ ಹೇಳಿಬಿಡುತ್ತೇನೆ ಎಂದರು. ಅಜ್ಜ ನನಗೆ ಕನ್ನಡದಲ್ಲಿ ಹೇಳುತ್ತಾ ಹೋದರು.

ಆ ಹಳ್ಳಿಯ ಹೆಸರು ಚಿಕೊಂಡಿ. ಅಲ್ಲಿ ಮಕ್ಕಳನ್ನು ಶಾಲೆಗೆ ಕಳಿಸಬೇಕೋ ಹೊಲಕ್ಕೆ ಕಳಿಸಬೇಕೋ ಎಂದು ತೀರ್ಮಾನ ಮಾಡುವವರು ಹೆಂಗಸರು. ಹೆಂಗಸರು ಒಪ್ಪಿದರೆ ಶಾಲೆ ನಡೆಯುತ್ತದೆ. ನಮಗಿಂತ ಮುಂಚೆ ಹೋದ ದಂಪತಿಗೆ ಅದು ಆಗಲಿಲ್ಲ. ನಾವು ಈ ಮಳೆಗಾಲ ಅಲ್ಲಿದ್ದು ನೋಡಬೇಕು. ಅಷ್ಟರೊಳಗೆ ಹೆಂಗಸರ ಸಂಘ ನೆಲೆ ನಿಂತರೆ ಸರಿ, ಇಲ್ಲವಾದರೆ ನಮ್ಮನ್ನು ಪಟ್ಟಣದ ಕಚೇರಿಗೆ ಕರೆಸಿಕೊಂಡು, ಅಜ್ಜನಿಗೆ ಕಾಗದಪತ್ರದ ಕೆಲಸ ಕೊಡುತ್ತಾರೆ.

"ಹಂಗಾದ್ರೆ ಎಲ್ಲಾ ನನ್ನ ಮೇಲೇ ಬಂತಲ್ರೀ" ಎಂದೆ.

"ನಿನ್ನ ಮೇಲೆ ಅಲ್ದೆ ಮತ್ತೆ? ನಾನೆಂತ, ನಿನ್ನ ಸಾಮಾನು ಹೊರೋಕೆ ಬಂದವ್ನು" ಎಂದು ನಕ್ಕರು. ಆದರೆ ಅವರು ಚಹಾವನ್ನು ಪೂರ್ತಿ ಕುಡಿಯಲಿಲ್ಲ.

ಚಿಕೊಂಡಿ

ಮಣ್ಣು ನೋಡಿದ ತಕ್ಷಣ ನನಗೆ ಧೈರ್ಯ ಬಂತು. ತಾಳಗುಂದದ ರಸ್ತೆಯ ಎಡಬಲದಲ್ಲಿ ಇರುವಂಥದೇ ಕೆಂಪು ಮಣ್ಣು, ಅದರ ತುಂಬ ಮಂಡಿಯೆತ್ತರದ ಗೋವಿನಜೋಳ. ನಮ್ಮಲ್ಲಿ ಲಾರಿಗೆ ತುಂಬಿ ಮರೆತುಬಿಡುವ ಬೆಳೆಯನ್ನು ಅವರು ಕೂಸಿನ ಹಾಗೆ ನೋಡಿಕೊಳ್ಳುತ್ತಾರೆ. ಮಳೆ ನಾಲ್ಕು ದಿನ ತಡವಾದರೆ ಊರಿನಲ್ಲಿ ನಗು ಕಡಿಮೆಯಾಗುತ್ತದೆ. ಆ ಹಿಟ್ಟನ್ನು ಕುದಿಯುವ ನೀರಿಗೆ ಹಾಕಿ ತಿರುವಿ ತಿರುವಿ ಮಾಡುವ ಬಿಳಿಯ ಮುದ್ದೆಗೆ ನ್ಸಿಮಾ ಎನ್ನುತ್ತಾರೆ. ರಾಗಿಮುದ್ದೆಯ ಹಾಗೆ ನುಂಗುವಂತಿಲ್ಲ, ಅಗಿಯಬೇಕು. ನಾನು ಮೊದಲ ದಿನ ನುಂಗಿ ಎದೆ ಹಿಡಿದುಕೊಂಡು ಕೂತೆ.

ಅಲ್ಲಿ ಯಾರೂ ಬಾಗಿಲು ಬಡಿಯುವುದಿಲ್ಲ. ಅಂಗಳದ ಅಂಚಿನಲ್ಲಿ ನಿಂತು "ಓಡಿ!" ಎಂದು ಕೂಗುತ್ತಾರೆ, ಒಳಗೆ ಬರಬಹುದೇ ಎಂದು ಅರ್ಥ. ಹೆಂಗಸರು ಹಿರಿಯರನ್ನು ಮಾತಾಡಿಸುವಾಗ ಮಂಡಿಯೂರುತ್ತಾರೆ. ನನ್ನ ಮುಂದೆ ಒಬ್ಬಾಕೆ ಹಾಗೆ ಮಂಡಿಯೂರಿದಾಗ ನಾನು ಗಾಬರಿಯಾಗಿ ನಾನೂ ಊರಿದೆ. ಆಕೆ ಏಳಲಿ ಎಂದು ನಾನು, ನಾನು ಏಳಲಿ ಎಂದು ಆಕೆ. ಕೊನೆಗೆ ಅಜ್ಜ ಬಂದು ನನ್ನನ್ನು ಎಬ್ಬಿಸಿದರು.

ಆ ಊರಿನ ಹೆಂಗಸರ ಮುಂದಾಳು ಮಾಯಿ ಫಿರಿ. ಮಾಯಿ ಎಂದರೆ ಅಮ್ಮ. ಎತ್ತರದ ಆಳು, ಎದೆಯಿಂದ ಬರುವ ದನಿ, ನಕ್ಕರೆ ಮೇಕೆಗಳು ತಲೆ ಎತ್ತಿ ನೋಡುತ್ತಿದ್ದವು. ಸಭೆಯ ಹಿರಿಯ ಯೋಹಾನೆ ಎಂಬಾತನಿಗೆ ಇಂಗ್ಲಿಷ್ ಬರುತ್ತಿತ್ತು. ಮಾಯಿ ಫಿರಿ ಅವರ ಚಿಚೇವಾ ಭಾಷೆಯಲ್ಲಿ ಹೇಳಿದ್ದನ್ನು ಯೋಹಾನೆ ಇಂಗ್ಲಿಷಿನಲ್ಲಿ ಅಜ್ಜನಿಗೆ, ಅಜ್ಜ ಕನ್ನಡದಲ್ಲಿ ನನಗೆ. ಅಷ್ಟು ಸುತ್ತಿ ಬರುವಷ್ಟರಲ್ಲಿ ಜೋಕಿಗೆ ನಾನು ನಗುವುದು ಎಲ್ಲರ ನಗು ಮುಗಿದ ಮೇಲೆ.

ಗುರುವಾರ ಸಂಘ. ಮೊದಲ ಗುರುವಾರ ಮನೆಯ ಮುಂದಿನ ಚಾಪೆ ಸಾಲದಷ್ಟು ಹೆಂಗಸರು ಬಂದರು. ಮಾತಾಡು ಎಂದು ಮಾಯಿ ಫಿರಿ ಸನ್ನೆ ಮಾಡಿದಳು. ನಾನು ತಲೆ ಅಲ್ಲಾಡಿಸಿ ಸೆರಗಿನ ಚುಂಗು ಹಿಡಿದು ಕೂತೆ. ಅವರು ಅದಕ್ಕೂ ಚಪ್ಪಾಳೆ ತಟ್ಟಿದರು.

ಅಜ್ಜನಿಗೆ ಮಾತ್ರ ಹರೆಯ ಮರಳಿ ಬಂದ ಹಾಗಿತ್ತು. ಶಾಲೆಯ ಹೊರಗೋಡೆಯ ಉದ್ದಕ್ಕೂ ಸುಣ್ಣದಲ್ಲಿ ಅಕ್ಷರಮಾಲೆ ಬರೆಯಲು ಶುರು ಮಾಡಿದ್ದರು. ಒಂದೊಂದು ಅಕ್ಷರ ಒಂದೊಂದು ಮೊಳ. ದಾರಿಯಲ್ಲಿ ಹೋಗುವವರೂ ಕಲಿತುಕೊಂಡು ಹೋಗಲಿ ಎನ್ನುತ್ತಿದ್ದರು.

ಸಾವಿನ ಮನೆ

ಮೂರನೆಯ ವಾರ ಮಾಯಿ ಫಿರಿಯ ತಾಯಿ ತೀರಿಕೊಂಡರು. ಊರಿಗೆ ಊರೇ ಅಲ್ಲಿ ಸೇರಿತು. ಗಂಡಸರು ಮಾವಿನ ಮರದ ಕೆಳಗೆ, ಹೆಂಗಸರು ಮನೆಯ ಒಳಗೆ ಚಾಪೆಯ ಮೇಲೆ. ನಾನು ಮಾಯಿ ಫಿರಿಯ ಪಕ್ಕ ಹೋಗಿ ಕೂತೆ. ಮಾತು ಬೇಕಾಗಲಿಲ್ಲ. ಕೈ ಹಿಡಿದುಕೊಂಡೆ, ನನ್ನ ಅಮ್ಮನ ನೆನಪಾಗಿ ಅತ್ತೆ. ಆಕೆ ನನ್ನ ಭುಜಕ್ಕೆ ತಲೆಯಿಟ್ಟಳು. ಆ ದೇಶದಲ್ಲಿ ನಾನು ಸರಿಯಾಗಿ ಮಾಡಿದ ಮೊದಲ ಕೆಲಸ ಇದು ಎಂದುಕೊಂಡೆ. ಮಣ್ಣಿಗೂ ಹೋಗಿ ಬಂದೆ. ಅವರು ದನಿಗೆ ದನಿ ಸೇರಿಸಿ ಹಾಡುತ್ತಾ ನಡೆಯುವುದನ್ನು ಕೇಳಿದರೆ, ಸತ್ತವರು ಒಬ್ಬರೇ ಹೋಗುತ್ತಿಲ್ಲ ಎನ್ನಿಸುತ್ತದೆ.

ಹಿಂದಿರುಗಿ ಬಂದಾಗ ಅಂಗಳದಲ್ಲಿ ದೊಡ್ಡ ಹಂಡೆಗಳಲ್ಲಿ ನ್ಸಿಮಾ ಬೆಂದಿತ್ತು. ಎಲ್ಲರೂ ಊಟಕ್ಕೆ ಸಾಲಾಗಿ ಕೂರುತ್ತಿದ್ದರು. ನಾನು ನಮ್ಮ ಊರಿನಲ್ಲಿ ಮಾಡುವುದನ್ನೇ ಮಾಡಿದೆ. ನಮ್ಮ ಕಡೆ ಯಾವ ಧರ್ಮದವರೇ ಆಗಲಿ, ಸಾವಿನ ಮನೆಯಿಂದ "ಬರ್ತೀನಿ" ಎಂದು ಹೇಳಿ ಹೊರಡುತ್ತೇವೆಯೇ? ಇಂಥ ಕಾರಣಕ್ಕೆ ಈ ಮನೆಗೆ ಮತ್ತೆ ಬರುವ ಹಾಗಾಗದಿರಲಿ ಎಂದು ಸುಮ್ಮನೆ ಎದ್ದು ಬರುತ್ತೇವೆ. ನಾನೂ ಸೆರಗು ಹೊದ್ದು, ಯಾರ ಮುಖವನ್ನೂ ನೋಡದೆ, ಊಟ ಮಾಡದೆ, ತಿರುಗಿ ನೋಡದೆ ಬಂದೆ. ಒಳಗೆ ಕಾಲಿಡುವ ಮುಂಚೆ ತಲೆಗೆ ನೀರು ಹಾಕಿಕೊಂಡು, ಉಟ್ಟ ಸೀರೆ ಒಗೆದು, ರಸ್ತೆ ಬದಿಯ ಬೇಲಿಯ ಮೇಲೆ ಉದ್ದಕ್ಕೆ ಹರವಿದೆ.

ಅಜ್ಜ ಅಲ್ಲೇ ಗಂಡಸರ ಜೊತೆ ಉಂಡು ಬಂದರು. ಅವರು ಎಲ್ಲಿ ಬಡಿಸಿದರೂ ಉಣ್ಣುವವರು.

ಖಾಲಿ ಚಾಪೆ

ಮುಂದಿನ ಗುರುವಾರ ಚಾಪೆ ಹಾಸಿ ಕಾದೆ. ಒಬ್ಬರೂ ಬರಲಿಲ್ಲ. ಸೂತಕದ ವಾರ ಎಂದುಕೊಂಡೆ. ಅದರ ಮುಂದಿನ ಗುರುವಾರ ಕೋಳಿಗಳು ಬಂದು ಚಾಪೆಯ ಮೇಲೆ ಓಡಾಡಿದವು. ಬೋರಿನ ಪಂಪಿನ ಹತ್ತಿರ ಹೋದರೆ ಹೆಂಗಸರು ಮಾತು ನಿಲ್ಲಿಸಿ ದಾರಿ ಬಿಡುತ್ತಿದ್ದರು, ನನ್ನ ಬಿಂದಿಗೆ ಮೊದಲು ತುಂಬಿಸುತ್ತಿದ್ದರು. ಬೈದಿದ್ದರೆ ಚೆನ್ನಾಗಿತ್ತು. ದೂರದಿಂದ ಬಂದು ಇವತ್ತೋ ನಾಳೆಯೋ ಹೋಗುವವರನ್ನು ನೋಡಿಕೊಳ್ಳುವ ಹಾಗೆ ನೋಡಿಕೊಂಡರು. ಶಾಲೆಯಲ್ಲೂ ಬೆಂಚುಗಳು ಖಾಲಿಯಾಗುತ್ತಾ ಬಂದವು.

ಒಂದು ಸಂಜೆ ಅಜ್ಜ ಯೋಹಾನೆಯನ್ನು ಕೂರಿಸಿಕೊಂಡು ಕೇಳಿದರು. ಆತ ಟೋಪಿಯನ್ನು ಕೈಯಲ್ಲಿ ತಿರುಗಿಸುತ್ತಾ ಎಲ್ಲ ಹೇಳಿದ. ಕೇಳಿಸಿಕೊಂಡು ಅಜ್ಜ ನನ್ನ ಕಡೆ ತಿರುಗಿದರು.

"ಅವತ್ತು ಹೇಳ್ದೆ ಎದ್ದು ಬಂದ್ಯಂತೆ ಹೌದಾ?"

"ಸಾವಿನ ಮನೆಯಿಂದ ಹೇಳಿ ಬರ್ತಾರೇನ್ರೀ?"

"ಇಲ್ಲಿ ಹೇಳ್ದೆ ಬರಲ್ವಂತೆ. ಹೇಳ್ದೆ ಹೋದೋರು ಆ ಮನೆ ಸಂಬಂಧ ಮುಗೀತು ಅಂತ ಹೋದ ಲೆಕ್ಕ. ಉಣ್ಣಲೂ ಇಲ್ಲ ನೀನು. ಅದು ಸಾಲ್ದು ಅಂತ ಅವರ ಮನೆಗೆ ಉಟ್ಟು ಹೋದ ಸೀರೇನ ಒಗ್ದು ಊರಿಗೇ ಕಾಣೋ ಹಂಗೆ ಬೇಲಿ ಮೇಲೆ ಹಾಕಿದೀಯ. ಅವರ ತಾಯಿಯಿಂದ ನಿಂಗೆ ಕೊಳೆ ಆಯ್ತಾ ಅಂತ ಕೇಳ್ತಾ ಇದಾರೆ."

ನನ್ನ ಭುಜಕ್ಕೆ ತಲೆಯಿಟ್ಟವಳಿಗೆ ನಾನು ಹೀಗೆ ಕಂಡೆನಲ್ಲ!

"ಇರ್ಲಿ ಬಿಡೇ" ಎಂದರು ಅಜ್ಜ. "ಪಟ್ಟಣಕ್ಕೆ ಹಾಕಿದ್ರೆ ಹಾಕ್ಲಿ. ಅಲ್ಲಿ ಕರೆಂಟಾದ್ರೂ ಇರುತ್ತೆ."

ಮಾರನೆಯ ದಿನ ಅವರಿಗೆ ಊಟ ಕೊಡಲು ಶಾಲೆಗೆ ಹೋದೆ. ಗೋಡೆಯ ಮೇಲೆ ಅಕ್ಷರಗಳು ಅರ್ಧಕ್ಕೇ ನಿಂತಿದ್ದವು. ಕುಂಚ ತೊಳೆದು ಬಕೆಟ್ಟು ಬೋರಲು ಹಾಕಿದ್ದರು. ಯಾಕೆ ನಿಲ್ಲಿಸಿದಿರಿ ಎಂದು ನಾನು ಕೇಳಲಿಲ್ಲ. ಬಿಟ್ಟು ಹೋಗುವ ಗೋಡೆಗೆ ಯಾರು ಸುಣ್ಣ ಹಚ್ಚುತ್ತಾರೆ? ಜೀವಮಾನವಿಡೀ ಸರ್ಕಾರಿ ಶಾಲೆಗಳ ಸೋರುವ ಮಾಡಿನ ಕೆಳಗೆ ದುಡಿದ ಮನುಷ್ಯ. ಈ ಒಂದು ಶಾಲೆಯನ್ನು ತನ್ನ ಮನಸ್ಸಿಗೆ ಬಂದ ಹಾಗೆ ನಡೆಸಬೇಕೆಂದು ಸಮುದ್ರ ದಾಟಿ ಬಂದಿದ್ದರು. ಅದು ನನ್ನಿಂದ ತಪ್ಪಿಹೋಗುವುದರಲ್ಲಿತ್ತು.

"ರೀ, ಮಾಯಿ ಫಿರಿ ಮನೆಗೆ ಹೋಗೋಣ" ಎಂದೆ.

ಮಾಯಿ ಫಿರಿಯ ಅಂಗಳ

ಯೋಹಾನೆ ಹೇಳಿದಂತೆ ಒಂದು ಬುಟ್ಟಿ ಜೋಳದ ಹಿಟ್ಟು ಒಯ್ದೆವು. ಸಾವಿನ ಮನೆಗೆ ಅಲ್ಲಿ ಎಲ್ಲರೂ ಹಿಟ್ಟು ತರುತ್ತಾರೆ. ಅವತ್ತು ನಾನು ಬರಿಗೈಯಲ್ಲಿ ಹೋಗಿದ್ದೆ ಎಂಬುದೂ ಈಗಲೇ ಗೊತ್ತಾಗಿದ್ದು. ಮಾಯಿ ಫಿರಿ ನಾಲ್ಕಾರು ಹೆಂಗಸರ ಜೊತೆ ಕೂತು ಶೇಂಗಾ ಸುಲಿಯುತ್ತಿದ್ದಳು. ಸುಲಿಯುವುದನ್ನು ನಿಲ್ಲಿಸಲಿಲ್ಲ. ನಾನು ಮಂಡಿಯೂರಿದೆ. ಈ ಸಲ ಯಾರೂ ನನ್ನ ಜೊತೆ ಊರಲಿಲ್ಲ.

ಅಜ್ಜ ಗಂಟಲು ಸರಿಮಾಡಿಕೊಂಡು ಇಂಗ್ಲಿಷಿನಲ್ಲಿ ಶುರು ಮಾಡಿದರು. ಮಾಯಿ ಫಿರಿ ಒಂದು ಶೇಂಗಾ ಸಿಪ್ಪೆಯನ್ನು ಆಚೆ ಎಸೆದು ಏನೋ ಹೇಳಿದಳು. ಯೋಹಾನೆ ಅದನ್ನು ಅಜ್ಜನಿಗೆ ಹೇಳಿದ.

"ಏನಂದ್ಲು ರೀ?"

"ಹೇಳ್ದೆ ಹೋದ ಬಾಯಿ ನನ್ನದಲ್ವಂತೆ. ನಾನು ಸುಮ್ನಿರ್ಬೇಕಂತೆ."

ಮಕ್ಕಳೇ, ನಾನು ಬಾಯಿ ತೆರೆದೆ. ಮೊದಲು ಗಾಳಿ ಮಾತ್ರ ಬಂತು. ಆಮೇಲೆ ಕನ್ನಡ ಬಂತು. ಆನವಟ್ಟಿಯಲ್ಲಿ ನನ್ನ ಅಪ್ಪ ಸತ್ತಾಗಿನ ಕಥೆ ಹೇಳಿದೆ. ಸುತ್ತಲಿನ ಹಳ್ಳಿಗಳಿಂದ ಜನ ಬಂದಿದ್ದರು, ಜಗಲಿ ತುಂಬಿತ್ತು. ಯಾರೂ ಹೋಗುತ್ತೇನೆ ಎನ್ನಲಿಲ್ಲ. ನಾನು ತಲೆಯೆತ್ತಿ ನೋಡಿದಾಗ ಜಗಲಿ ಖಾಲಿಯಾಗಿತ್ತು. ಇನ್ನೊಮ್ಮೆ ಈ ಮನೆಗೆ ಹೀಗೆ ಬರುವುದು ಬೇಡ ಎಂದು ಅವರೆಲ್ಲ ಮನಸ್ಸಿನಲ್ಲೇ ಬೇಡಿಕೊಂಡು ಹೋಗಿದ್ದರು. ಅದೇ ನಮ್ಮಲ್ಲಿ ಪ್ರೀತಿ. ನಿನ್ನ ಮನೆಗೂ ನಾನು ಅದನ್ನೇ ಬೇಡಿಕೊಂಡು ಬಂದೆ, ನಿನ್ನ ಮನೆಯಲ್ಲಿ ಇನ್ನು ಸಾವಾಗದಿರಲಿ ಎಂದು.

ಕನ್ನಡದಿಂದ ಇಂಗ್ಲಿಷಿಗೆ, ಅಲ್ಲಿಂದ ಚಿಚೇವಾಕ್ಕೆ ಅದು ಹೋಗುವಾಗ ನನಗೆ ಅವರ ಮುಖಗಳನ್ನು ನೋಡಲು ಬೇಕಾದಷ್ಟು ಸಮಯವಿತ್ತು. ಶೇಂಗಾ ಸುಲಿಯುವ ಸದ್ದು ನಿಂತಿತು. ಆಮೇಲೆ ಮಾಯಿ ಫಿರಿ ಪ್ರಶ್ನೆ ಕೇಳಿದಳು. ಅಜ್ಜ ನಗು ತಡೆದುಕೊಂಡು ಹೇಳಿದರು.

"ಎಲ್ಲರೂ ಹೇಳ್ದೆ ಹೋದ್ರೆ, ಯಾರು ಇದಾರೆ ಯಾರು ಹೋದ್ರು ಅಂತ ಮನೆಯೋರಿಗೆ ಹೆಂಗ್ ಗೊತ್ತಾಗ್ಬೇಕು? ಅಡಿಗೆ ಎಷ್ಟು ಮಾಡ್ಬೇಕು? ಅಂತ ಕೇಳ್ತಾಳೆ."

"ನಮ್ಮಲ್ಲಿ ಸಾವಿನ ಮನೇಲಿ ಅಡಿಗೆನೇ ಮಾಡಲ್ಲ ಅನ್ನಿ. ಅಕ್ಕಪಕ್ಕದೋರು ಮನೆಯೋರಿಗೆ ತಂದು ಕೊಡ್ತೀವಿ ಅನ್ನಿ."

ಅದು ತಲುಪಿದ ಕೂಡಲೇ ಹೆಂಗಸರೆಲ್ಲ ಒಟ್ಟಿಗೆ ಮಾತಾಡತೊಡಗಿದರು. ಮಣ್ಣಿಗೆ ಬಂದವರನ್ನು ಉಪವಾಸ ಕಳಿಸುತ್ತಾರಂತೆ, ಇದೆಂಥ ದೇಶ ಎಂದು ಒಬ್ಬಾಕೆ. ಬಂದವರು ಬೇಗ ಹೋಗಲಿ ಎಂದೇ ಹಾಗೆ ಮಾಡಿರಬೇಕು ಎಂದು ಇನ್ನೊಬ್ಬಾಕೆ. ಮಾಯಿ ಫಿರಿ ನನ್ನ ಕಡೆಗೇ ಬಾಗಿದಳು.

"ನೀನು ಇಲ್ಲೇ ಸತ್ತರೆ ನಾವು ಹೇಳಿ ಹೋಗ್ಬೇಕಾ, ಹೇಳ್ದೆ ಹೋಗ್ಬೇಕಾ ಅಂತ ಈಗಲೇ ಹೇಳ್ಬಿಡು ಅಂತಾಳೆ" ಎಂದರು ಅಜ್ಜ.

ಎಲ್ಲರೂ ನಕ್ಕರು. ಮಾಯಿ ಫಿರಿ ಮಾತ್ರ ಪೂರ್ತಿ ನಗಲಿಲ್ಲ. ಒಳಗೆ ಹೋಗಿ ಒಂದು ತಟ್ಟೆ ತಂದು ನನ್ನ ಮುಂದೆ ಇಟ್ಟಳು. ನ್ಸಿಮಾ, ಪಕ್ಕದಲ್ಲಿ ಸೊಪ್ಪು. ಇದಕ್ಕೆ ಅನುವಾದ ಬೇಕಿರಲಿಲ್ಲ.

ಆ ಮನೆಯಲ್ಲಿ ಇನ್ನೂ ದುಃಖದ ದಿನಗಳು ಕಳೆದಿರಲಿಲ್ಲ. ನನ್ನ ಅಮ್ಮ, ನನ್ನ ಅತ್ತೆ ಎಲ್ಲರೂ ಬೆನ್ನ ಹಿಂದೆ ನಿಂತು ಬೇಡ ಬೇಡ ಎಂದ ಹಾಗಾಯಿತು. ಅಜ್ಜ ಮೆಲ್ಲಗೆ, "ಆಗ್ದಿದ್ರೆ ಬೇಡ, ನಾನು ಹೇಳ್ತೀನಿ" ಎಂದರು. ನಾನು ಕೈ ತೊಳೆದುಕೊಂಡು ಕೂತೆ. ಒಂದು ತುತ್ತು ಮುರಿದು ಸೊಪ್ಪಿಗೆ ಅದ್ದಿದೆ. ಬಾಯಿಗಿಟ್ಟರೆ ಆಶ್ಚರ್ಯ! ಶೇಂಗಾ ಪುಡಿ ಹಾಕಿದ ಸೊಪ್ಪು, ನಮ್ಮ ಶಿಕಾರಿಪುರದ ಮನೆಗಳಲ್ಲಿ ರೊಟ್ಟಿಗೆ ಮಾಡುವ ಪಲ್ಯದ ತಂಗಿಯೇ. ತಟ್ಟೆ ಖಾಲಿಯಾಗುವವರೆಗೆ ಉಂಡೆ. ಹೆಂಗಸರು ಶೇಂಗಾ ಸುಲಿಯುತ್ತಾ, ನೋಡದವರ ಹಾಗೆ ನೋಡುತ್ತಿದ್ದರು.

ಉಣ್ಣುವುದಕ್ಕಿಂತ ಕಷ್ಟದ ಕೆಲಸ ಆಮೇಲೆ ಇತ್ತು. ಹೊರಡುವವರು "ತ್ಸಲಾನಿ ಬ್ವಿನೋ" ಎನ್ನಬೇಕು. ಚೆನ್ನಾಗಿರಿ, ನಾನು ಹೊರಟೆ ಎಂದು ಅರ್ಥ. ಪಂಪಿನ ಹತ್ತಿರ ಕೇಳಿ ಕೇಳಿ ಬಾಯಿಪಾಠ ಆಗಿತ್ತು. ಆದರೆ ಸಾವಾದ ಮನೆಯ ಅಂಗಳದಲ್ಲಿ ನಿಂತು, ಆ ಮನೆಯವರ ಮುಖ ನೋಡಿ ಅದನ್ನು ಹೇಳಬೇಕಿತ್ತು. ಹೇಳಿದೆ. ಮಾಯಿ ಫಿರಿ "ಪಿತಾನಿ ಬ್ವಿನೋ, ಅಮಾಯಿ" ಎಂದಳು. ಕ್ಷೇಮವಾಗಿ ಹೋಗು, ಅಮ್ಮ.

ಜೀಪು ಬಂದ ದಿನ

ಆ ಮುಂದಿನ ಗುರುವಾರದಿಂದ ಚಾಪೆ ಮತ್ತೆ ತುಂಬತೊಡಗಿತು, ಶಾಲೆಗೂ ಮಕ್ಕಳು ಮರಳಿದರು. ಜೋಳದ ತೆನೆ ಬಲಿಯುವ ಹೊತ್ತಿಗೆ ಕಾರ್ಯದರ್ಶಿ ಜೀಪಿನಲ್ಲಿ ಬಂದರು. ಊರಿನವರೆಲ್ಲ ಶಾಲೆಯ ಮುಂದೆ ಸೇರಿದರು. ಆ ಮನುಷ್ಯ ಕೆಟ್ಟವರಲ್ಲ. ನಡುವೆ ಕೆಲವು ವಾರ ಸಂಘ ನಡೆದಿಲ್ಲ, ಮಕ್ಕಳೂ ಕಡಿಮೆಯಾಗಿದ್ದರು ಎಂದು ಕೇಳಿದ್ದೇನೆ ಎಂದರು. ಇವರು ವಯಸ್ಸಾದವರು, ಪಟ್ಟಣದಲ್ಲಿ ಒಳ್ಳೆಯ ಮನೆಯಿದೆ, ಡಾಕ್ಟರು ಹತ್ತಿರ, ಅಲ್ಲಿಗೆ ಕರೆದುಕೊಂಡು ಹೋಗುತ್ತೇನೆ ಎಂದರು. ಅಷ್ಟು ಚಿಚೇವಾ ಆ ಹೊತ್ತಿಗೆ ನನಗೆ ಅರ್ಥವಾಗುತ್ತಿತ್ತು. ಅಜ್ಜ ಕೈಕಟ್ಟಿ ನೆಲ ನೋಡುತ್ತಾ ನಿಂತಿದ್ದರು. ಸಭೆ ಹೇಳಿದ ಕಡೆ ಹೋಗುವುದೇ ಅವರ ಧರ್ಮ. ಅವರು ಬಾಯಿಬಿಟ್ಟು ಬೇಡುವವರಲ್ಲ.

ಹೆಂಗಸರ ನಡುವಿನಿಂದ ಮಾಯಿ ಫಿರಿ ಎದ್ದು ನಿಂತಳು.

"ಈಕೆ ನಮ್ಮ ಸಾವಿನ ಮನೆಯಲ್ಲಿ ಕೂತು ಊಟ ಮಾಡಿದ್ದಾಳೆ" ಎಂದಳು. "ನಿಮ್ಮ ಪಟ್ಟಣದಲ್ಲಿ ಯಾರ ಮನೆಯಲ್ಲಿ ಮಾಡಿದ್ದಾಳೆ?"

ಕಾರ್ಯದರ್ಶಿ ಅಜ್ಜನ ಕಡೆ ನೋಡಿದರು.

"ಮೇಷ್ಟ್ರನ್ನು ಬೇಕಾದರೆ ಕರೆದುಕೊಂಡು ಹೋಗಿ" ಎಂದು ಹಿಂದಿನಿಂದ ಯಾರೋ ಕೂಗಿದರು. "ಅಮ್ಮ ಇಲ್ಲೇ ಇರಲಿ!"

ನಗು ನಿಂತ ಮೇಲೆ ಕಾರ್ಯದರ್ಶಿ ನನ್ನ ಕಡೆ ತಿರುಗಿ, ಅಮಾಯಿ, ನೀವು ಏನು ಹೇಳುತ್ತೀರಿ ಎಂದು ಕೇಳಿದರು. ನನ್ನನ್ನೇ ಕೇಳಿದರು. ನಾನು ಕನ್ನಡದಲ್ಲಿ ಹೇಳುವುದನ್ನು ಇಂಗ್ಲಿಷಿಗೆ ತಿರುಗಿಸಲು ಅಜ್ಜ ಒಂದು ಹೆಜ್ಜೆ ಮುಂದೆ ಬಂದು ನಿಂತರು.

ಊರಿಗೆ ಊರೇ ಕೂತಿತ್ತು. ನಾನು ಎದ್ದು ನಿಂತೆ.

"ತಿಖಾಲಾ ಕುನೋ" ಎಂದೆ. ನಾವು ಇಲ್ಲೇ ಇರುತ್ತೇವೆ.

ಹೆಂಗಸರು ನಾಲಿಗೆ ಕುಣಿಸಿ ಕೇಕೆ ಹಾಕಿದರು. ಅನುವಾದಕ್ಕೆ ಬಾಯಿ ತೆರೆದಿದ್ದ ಅಜ್ಜ, ಇನ್ನು ಅದರ ಅಗತ್ಯವಿಲ್ಲವೆಂದು ಗೊತ್ತಾಗಿ ಹಾಗೆಯೇ ಮುಚ್ಚಿಕೊಂಡರು. ಮಕ್ಕಳೇ, ಆಗ ಅವರ ಮುಖವನ್ನು ನೀವು ನೋಡಬೇಕಿತ್ತು. ವರ್ಷವಿಡೀ ಕೊನೆಯ ಬೆಂಚಿನಲ್ಲಿ ತಲೆ ತಗ್ಗಿಸಿ ಕೂತ ಹುಡುಗಿ ಇನ್ಸ್‌ಪೆಕ್ಟರ್ ಬಂದ ದಿನ ಎದ್ದು ನಿಂತು ಸರಿಯುತ್ತರ ಹೇಳಿದರೆ ಮೇಷ್ಟ್ರ ಮುಖ ಹೇಗಾಗುತ್ತದೆಯೋ, ಹಾಗಿತ್ತು.